ಹಿಮದ ಹಾದಿಯಲ್ಲಿ ಹಿಂಚಕ್ರದ ರಥ

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಲ್ಲಿ ಹಿಮ ಬೀಳುವುದಿಲ್ಲ. ಮಾಗಿಯ ಮುಂಜಾವದಲ್ಲಿ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿನ ಮೇಲೆ ಇಬ್ಬನಿ ಕವಿಯುವುದುಂಟು. ಬಿಸಿಲೇರಿದೊಡನೆ ಅದೂ ಕರಗಿಹೋಗುತ್ತದೆ. ಮಳೆಗಾಗಿಯೇ ಮುಗಿಲ ಕಡೆ ಕಣ್ಣುನೆಟ್ಟು ಕೂರುವ ಸೀಮೆ ಅದು. ಆದರೂ ಹಿಮದಲ್ಲಿ ಕಾರು ನಡೆಸುವ ವಿದ್ಯೆಯ ಮೊದಲ ಪಾಠವನ್ನು ಅಲ್ಲಿಯೇ ಕಲಿಯಬಹುದು ಎಂದರೆ ಓದುಗರು ನಕ್ಕಾರು. ಬೇಸಿಗೆಯಲ್ಲಿ ಬತ್ತಿದ ಹೊಳೆಯ ಮರಳಿಗೆ ಒಂದು ಹಳೆಯ ಅಂಬಾಸಡರ್ ಕಾರನ್ನು ಇಳಿಸಿದರೆ ಸಾಕು, ನಗು ನಿಂತುಹೋಗುತ್ತದೆ.

ಚಕ್ರ ಕೊಂಚ ಹೂತೊಡನೆ ಚಾಲಕನಿಗೆ ಸಿಟ್ಟು ಬರುತ್ತದೆ. ಆಕ್ಸಿಲರೇಟರನ್ನು ಬಲವಾಗಿ ತುಳಿಯುತ್ತಾನೆ. ಎಂಜಿನ್ ಅರಚುತ್ತದೆ; ಹಿಂದಿನ ಚಕ್ರಗಳು ಗಿರ್ರನೆ ತಿರುಗಿ ಮರಳನ್ನು ಚಿಮ್ಮುತ್ತವೆ; ಕಾರು ಅಚ್ಚಿನವರೆಗೂ ಕುಳಿತುಬಿಡುತ್ತದೆ. ಆಗ ದಡದಲ್ಲಿ ಕುರಿ ಮೇಯಿಸುತ್ತಿರುವ ಮುದುಕನೊಬ್ಬ ಹತ್ತಿರ ಬಂದು, “ಸ್ವಾಮಿ, ಸುಮ್ಕೆ ತಿರುಗಿಸ್ಬೇಡಿ. ಚಕ್ರದಡಿಗೆ ಸೊಪ್ಪು ಹಾಕಿ, ಮೆಲ್ಲಗೆ ಎಳೀರಿ” ಎಂದಾನು. ಸ್ವೀಡನ್ನಿನಲ್ಲಿ ಹಿಮದ ಚಾಲನೆ ಕಲಿಸುವ ಗುರುವೂ ಇದಕ್ಕಿಂತ ಹೆಚ್ಚಿನದನ್ನೇನೂ ಹೇಳಲಾರ.

ಕಾರನ್ನು ಮುಂದೊಯ್ಯುವುದು ಎಂಜಿನ್ನಿನ ಬಲವೆಂದು ಸಾಮಾನ್ಯವಾಗಿ ಎಲ್ಲರೂ ತಿಳಿದಿರುತ್ತಾರೆ. ಅದು ಅರ್ಧ ಸತ್ಯ. ಆ ಬಲವನ್ನು ನೆಲ ಒಪ್ಪಿಕೊಳ್ಳಬೇಕು. ಪ್ರತಿಯೊಂದು ಟಯರೂ ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಮುಂದಕ್ಕೆ ತಳ್ಳುವುದು, ನಿಲ್ಲಿಸುವುದು, ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ಹಿಡಿಯುವುದು, ಈ ಮೂರು ಕೆಲಸಗಳೂ ಆ ಅಂಗೈಯಗಲದ ಹಿಡಿತದಿಂದಲೇ ನಡೆಯಬೇಕು. ಇದು ತಿಂಗಳ ಸಂಬಳವಿದ್ದಂತೆ. ಎಲ್ಲವನ್ನೂ ಮನೆ ಬಾಡಿಗೆಗೇ ಸುರಿದರೆ ದಿನಸಿಗೆ ಕಾಸು ಉಳಿಯದು. ಒಣಗಿದ ಟಾರು ರಸ್ತೆಯಲ್ಲಿ ಸಂಬಳ ದೊಡ್ಡದು, ದುಂದು ನಡೆದೀತು. ಹಿಮದ ಮೇಲೆ ಅದು ಮೂರರಲ್ಲಿ ಒಂದು ಪಾಲಿಗೆ, ಒಮ್ಮೊಮ್ಮೆ ಅದಕ್ಕೂ ಕಡಿಮೆಗೆ ಇಳಿಯುತ್ತದೆ. ನೀರ್ಗಲ್ಲಿನ ಮೇಲಂತೂ ಬಿಡಿಗಾಸು.

ಹಿಂಚಕ್ರಗಳಿಂದ ಓಡುವ ವೇಗದ ಕಾರಿಗೆ ಇಲ್ಲಿಯೇ ಸಂಕಟ. ಅದರ ಎಂಜಿನ್ ಬಹುಮಟ್ಟಿಗೆ ಮುಂದಿರುತ್ತದೆ. ಭಾರ ಮುಂದೆ, ದುಡಿಮೆ ಹಿಂದೆ. ಹಗುರವಾದ ಹಿಂಭಾಗಕ್ಕೆ ನೆಲವನ್ನು ಒತ್ತಿ ಹಿಡಿಯುವ ಶಕ್ತಿ ಸಾಲದು. ತಿರುವಿನಲ್ಲಿ ಆಕ್ಸಿಲರೇಟರನ್ನು ಕೊಂಚ ಹೆಚ್ಚಾಗಿ ಒತ್ತಿದರೆ ಸಾಕು, ಹಿಂಚಕ್ರಗಳ ಹಿಡಿತವೆಲ್ಲ ತಳ್ಳುವುದಕ್ಕೇ ವೆಚ್ಚವಾಗಿ, ಕಾರಿನ ಬಾಲ ಪಕ್ಕಕ್ಕೆ ಬೀಸಿಕೊಳ್ಳುತ್ತದೆ. ಮುಂಚಕ್ರಗಳಿಂದ ಓಡುವ ಕಾರಿನಲ್ಲಿ ಎಂಜಿನ್ನಿನ ಭಾರವೆಲ್ಲ ದುಡಿಯುವ ಚಕ್ರಗಳ ಮೇಲೆಯೇ ಇರುವುದರಿಂದ ಅದು ಹಿಮದಲ್ಲಿ ಹೆಚ್ಚು ಸಾಧು. ಭಾರತದಲ್ಲಿ ಮುಂಚಕ್ರದ ಕಾರನ್ನು ಮನೆಮನೆಗೆ ತಂದದ್ದು 1983ರಲ್ಲಿ ಬಂದ ಮಾರುತಿ 800. ಅದಕ್ಕೆ ಮುನ್ನ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಮೂರೂ ಹಿಂಚಕ್ರದವೇ. ನಮ್ಮ ತಂದೆ ತಾತಂದಿರು ಕೆಸರಿನಲ್ಲಿ ಕಾರು ತಳ್ಳಿದ ಕಥೆಗಳು ಪ್ರತಿ ಮನೆಯಲ್ಲಿಯೂ ಇರುವುದಕ್ಕೆ ಇದೂ ಒಂದು ಕಾರಣವಿರಬೇಕು!

ಹಾಗಾದರೆ ಹಿಂಚಕ್ರದ ಕ್ರೀಡಾ ಕಾರು ಹಿಮದಲ್ಲಿ ಕೈಲಾಗದ್ದೇ? 1965ರ ಜನವರಿಯಲ್ಲಿ ನಡೆದ ಮಾಂಟಿಕಾರ್ಲೋ ರ‍್ಯಾಲಿ ಇದಕ್ಕೆ ಉತ್ತರ ಕೊಟ್ಟಿತು. ಯೂರೋಪಿನ ಬೇರೆ ಬೇರೆ ನಗರಗಳಿಂದ ಹೊರಟ ಕಾರುಗಳೆಲ್ಲ ಮೆಡಿಟರೇನಿಯನ್ ತೀರದ ಮಾಂಟಿಕಾರ್ಲೋವನ್ನು ನಿಗದಿಯಾದ ಹೊತ್ತಿಗೆ ಸೇರಬೇಕೆಂಬುದು ಆ ಸ್ಪರ್ಧೆಯ ಪದ್ಧತಿ. ಆ ವರ್ಷ ಇನ್ನೂರಕ್ಕೂ ಹೆಚ್ಚು ಕಾರುಗಳು ಹೊರಟವು. ಫ್ರಾನ್ಸಿನ ಗುಡ್ಡಗಾಡಿನಲ್ಲಿ ಹಿಮದ ಬಿರುಗಾಳಿ ಎದ್ದಿತು. ದಾರಿ ಯಾವುದು, ಕಂದರ ಯಾವುದು ಎಂದು ತಿಳಿಯದಂತೆ ಎಲ್ಲವೂ ಒಂದೇ ಬಿಳುಪು. ಹೊತ್ತಿಗೆ ಸರಿಯಾಗಿ ಗುರಿ ಮುಟ್ಟಿದವು ನಲವತ್ತನ್ನೂ ಮೀರಲಿಲ್ಲ.

ಗೆದ್ದವನು ಫಿನ್ಲೆಂಡಿನ ಟಿಮೊ ಮಾಕಿನೆನ್. ಅವನದು ಮುಂಚಕ್ರದ ಪುಟ್ಟ ಮಿನಿ ಕೂಪರ್. ಮೂರನೆಯ ಸ್ಥಾನ ಹೆಸರಾಂತ ಪಂದ್ಯಗಾರ ಸ್ಟರ್ಲಿಂಗ್ ಮಾಸ್‌ನ ತಂಗಿ ಪ್ಯಾಟ್ ಮಾಸ್‌ಗೆ ದಕ್ಕಿತು. ಆಕೆಯ ಸಾಬ್ ಕಾರೂ ಮುಂಚಕ್ರದ್ದೇ. ಇವರಿಬ್ಬರ ನಡುವೆ, ಎರಡನೆಯ ಸ್ಥಾನದಲ್ಲಿ, ಯಾರೂ ನಿರೀಕ್ಷಿಸದ ಒಂದು ವಾಹನ ನಿಂತಿತ್ತು: ಪೋರ್ಷೆ 904. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಫೈಬರ್ ಗ್ಲಾಸಿನ ಹಗುರ ಮೈ, ಸುಮಾರು 180 ಅಶ್ವಶಕ್ತಿ, ದುಡಿಯುವುದು ಹಿಂಚಕ್ರಗಳು ಮಾತ್ರ. ಬಿಸಿಲಿನಲ್ಲಿ ಒಣ ಪಂದ್ಯಪಥವನ್ನು ಸುತ್ತಲೆಂದು ಕಟ್ಟಿದ ಕಾರು ಅದು. ನಡೆಸಿದವರು ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯ ಹೋಟೆಲು ಮಾಲೀಕ ಯೂಗೆನ್ ಬೋರಿಂಗರ್. ಪಕ್ಕದಲ್ಲಿ ಕುಳಿತವರು ರೋಲ್ಫ್ ವ್ಯೂಟರಿಕ್. 1955ರ ಸೆಪ್ಟೆಂಬರ್ 30ರಂದು ಚಿತ್ರನಟ ಜೇಮ್ಸ್ ಡೀನ್ ತನ್ನ ಪೋರ್ಷೆ ಕಾರಿನಲ್ಲಿ ಅಪಘಾತಕ್ಕೆ ಸಿಕ್ಕಿ ಸತ್ತಾಗ ಪಕ್ಕದ ಆಸನದಲ್ಲಿದ್ದು, ತೀವ್ರವಾಗಿ ಗಾಯಗೊಂಡು ಬದುಕಿ ಉಳಿದವರು ಇವರೇ. ಅಂಥ ಮನುಷ್ಯ ಹತ್ತು ವರ್ಷಗಳೊಳಗೆ ಮತ್ತೊಂದು ಪೋರ್ಷೆಯಲ್ಲಿ ಕುಳಿತು ಹಿಮದ ಬಿರುಗಾಳಿಗೆ ಹೊರಟನೆಂದರೆ ಅದನ್ನು ಧೈರ್ಯವೆನ್ನಬೇಕೋ ವೃತ್ತಿಯ ಹುಚ್ಚೆನ್ನಬೇಕೋ!

ಆ ಕಾರಿಗೆ ಒಂದು ಅನುಕೂಲವಿತ್ತು. ಅದರ ಎಂಜಿನ್ ಚಾಲಕನ ಬೆನ್ನ ಹಿಂದೆ, ಹಿಂದಿನ ಅಚ್ಚಿಗೆ ಹತ್ತಿರವಾಗಿ ಕುಳಿತಿತ್ತು. ಭಾರ ದುಡಿಯುವ ಚಕ್ರಗಳ ಮೇಲೆ ಬೀಳುತ್ತಿತ್ತು. ಬಾಲದಲ್ಲಿಯೇ ಎಂಜಿನ್ ಹೊತ್ತ ಪೋರ್ಷೆ 911 ಮುಂದೆ 1968, 1969, 1970ರಲ್ಲಿ ಅದೇ ರ‍್ಯಾಲಿಯನ್ನು ಸತತವಾಗಿ ಗೆದ್ದುಕೊಂಡಿತು. ಎತ್ತಿನ ಗಾಡಿಗೆ ಮೂಟೆ ಹೇರುವ ರೈತನಿಗೆ ಇದು ಹೊಸತಲ್ಲ. ಭಾರ ಎಷ್ಟೆಂಬುದಕ್ಕಿಂತ ಅದು ಎಲ್ಲಿ ಕೂರುತ್ತದೆಂಬುದನ್ನೇ ಅವನು ಮೊದಲು ನೋಡುತ್ತಾನೆ.

ಉಳಿದದ್ದೆಲ್ಲ ಚಾಲಕನ ಕೈಕಾಲುಗಳ ಸೌಮ್ಯತೆ. ಹಿಮದಲ್ಲಿ ಮೊದಲನೆಯ ಗೇರಿಗಿಂತ ಎರಡನೆಯದರಲ್ಲಿ ಹೊರಡುವುದು ಲೇಸು. ಚಕ್ರಕ್ಕೆ ಬಲ ಕಡಿಮೆ ತಲುಪುತ್ತದೆ, ಅದು ಸುಮ್ಮನೆ ಗಿರಗುಟ್ಟುವುದಿಲ್ಲ. ಬಾಲ ಜಾರಿದಾಗ ಬ್ರೇಕನ್ನು ಒಮ್ಮೆಲೇ ತುಳಿಯುವುದು ಹೊಸಬನ ತಪ್ಪು. ಆಕ್ಸಿಲರೇಟರಿನಿಂದ ಪಾದವನ್ನು ಥಟ್ಟನೆ ಎತ್ತುವುದೂ ಅಷ್ಟೇ ಅಪಾಯ. ಎಂಜಿನ್ನೇ ಹಿಂಚಕ್ರಗಳನ್ನು ಹಿಡಿದೆಳೆದು ಜಾರಿಕೆಯನ್ನು ಹೆಚ್ಚಿಸುತ್ತದೆ. ಪಾದವನ್ನು ಮೆಲ್ಲಗೆ ಸಡಿಲಿಸಿ, ಬಾಲ ಯಾವ ಕಡೆ ಜಾರಿತೋ ಆ ಕಡೆಗೇ ಸ್ಟಿಯರಿಂಗನ್ನು ತಿರುಗಿಸಬೇಕು. ಕಣ್ಣು, ಹೋಗಬೇಕಾದ ದಾರಿಯ ಮೇಲಿರಬೇಕು, ಬೀಳಬಹುದಾದ ಹಳ್ಳದ ಮೇಲಲ್ಲ. ಇಂದಿನ ಕಾರುಗಳಲ್ಲಿ ಜಾರಿಕೆಯನ್ನು ತಾನೇ ಗುರುತಿಸಿ ಬಲವನ್ನು ತಗ್ಗಿಸುವ ವಿದ್ಯುನ್ಮಾನ ವ್ಯವಸ್ಥೆಯಿದೆ. ಅದು ಇರುವ ಹಿಡಿತವನ್ನು ಜಾಣತನದಿಂದ ಹಂಚೀತು. ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ಹಿಡಿತ ಹುಟ್ಟುವುದು ಟಯರಿನಲ್ಲಿ. ಕ್ರೀಡಾ ಕಾರಿನ ಅಗಲವಾದ ಬೇಸಿಗೆ ಟಯರಿನ ರಬ್ಬರು ಚಳಿಗೆ ಮರಗಟ್ಟುತ್ತದೆ. ಚಳಿಗಾಲದ ಟಯರಿನ ರಬ್ಬರಾದರೋ ಉಷ್ಣಮಾನ ಏಳು ಡಿಗ್ರಿಗಿಂತ ಕೆಳಗಿಳಿದಾಗಲೂ ಮೆದುವಾಗಿಯೇ ಉಳಿಯುತ್ತದೆ. ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ. ಅದನ್ನು ನಾಲ್ಕು ಚಕ್ರಗಳಿಗೂ ಹಾಕಬೇಕು. ದುಡಿಯುವ ಎರಡಕ್ಕೆ ಮಾತ್ರ ಹಾಕಿ ಹಣ ಉಳಿಸಿದವನಿಗೆ ಮುಂಚಕ್ರಗಳು ತಿರುವಿನಲ್ಲಿ ಮಾತು ಕೇಳುವುದಿಲ್ಲ. ಕ್ಯಾನಡಾದ ಕ್ವಿಬೆಕ್ ಪ್ರಾಂತದಲ್ಲಿ ಇಂಥ ಟಯರುಗಳನ್ನು 2008ರಲ್ಲಿ ಕಡ್ಡಾಯ ಮಾಡಲಾಯಿತು. ಕಾರಣ ಸರಳವಾದ ಲೆಕ್ಕ. ಗಂಟೆಗೆ 50 ಕಿಲೋಮೀಟರು ವೇಗದ ಕಾರು ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ಹದಿಮೂರು ಹದಿನಾಲ್ಕು ಮೀಟರಿನಲ್ಲಿ ನಿಂತರೆ, ತುಳಿದು ಗಟ್ಟಿಯಾದ ಹಿಮದ ಮೇಲೆ ಐವತ್ತು ಮೀಟರು ಬೇಕಾದೀತು. ನೀರ್ಗಲ್ಲಿನ ಮೇಲೆ ನೂರು. ರಸ್ತೆ ದಾಟುತ್ತಿರುವ ಮಗುವಿಗೂ ಕಾರಿಗೂ ನಡುವೆ ಆ ನೂರು ಮೀಟರು ಇರಲೇಬೇಕೆಂಬ ನಿಯಮವೇನಿಲ್ಲ.

ಟೊರಾಂಟೊ, ಷಿಕಾಗೊ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಮೊದಲ ಚಳಿಗಾಲವೆಂದರೆ ಒಂದು ಪರೀಕ್ಷೆಯೇ. ಬೆಂಗಳೂರಿನ ಸಂದಣಿಯಲ್ಲಿ ಪಳಗಿದ ಕೈ ಅಲ್ಲಿ ಸಾಲದು. ಅನುಭವಸ್ಥರು ಹೊಸಬರನ್ನು, ಮೊದಲ ಹಿಮ ಬಿದ್ದ ಭಾನುವಾರ, ಖಾಲಿಯಾಗಿರುವ ವಿಶಾಲವಾದ ವಾಹನ ನಿಲ್ದಾಣಕ್ಕೆ ಕರೆದೊಯ್ದು, ಬೇಕೆಂದೇ ಕಾರನ್ನು ಜಾರಿಸಿ, ಮತ್ತೆ ಹಿಡಿತಕ್ಕೆ ತರುವುದನ್ನು ಕಲಿಸುವುದು ಒಳ್ಳೆಯ ರೂಢಿ. ಹಿಂಚಕ್ರದ ಕಾರು ಉಳ್ಳವರು ಇನ್ನೊಂದು ಕೆಲಸ ಮಾಡುತ್ತಾರೆ. ಚಳಿಗಾಲ ಮುಗಿಯುವವರೆಗೆ ಹಿಂದಿನ ಡಿಕ್ಕಿಯಲ್ಲಿ, ಆದಷ್ಟೂ ಅಚ್ಚಿನ ನೇರಕ್ಕೆ, ಒಂದೆರಡು ಮೂಟೆಗಳನ್ನು ಅಲುಗದಂತೆ ಕಟ್ಟಿಡುತ್ತಾರೆ. ಚಕ್ರಗಳ ಮೇಲೆ ಭಾರವೂ ಬಿದ್ದಂತಾಯಿತು. ಕಾರು ಎಲ್ಲಾದರೂ ಸಿಕ್ಕಿಕೊಂಡರೆ ಮೂಟೆ ಬಿಚ್ಚಿ ಟಯರಿನಡಿಗೆ ಹರಡಿದಾಗ ಹಿಡಿತವೂ ದೊರೆಯುತ್ತದೆ. ಆ ಮೂಟೆಗಳಲ್ಲಿರುವುದು ಮರಳು. ಐ.ಡಿ.ಹಳ್ಳಿಯ ಸೀಮೆಯಲ್ಲಿ ಅಂಬಾಸಡರನ್ನು ಅಚ್ಚಿನವರೆಗೆ ನುಂಗುವ ಆ ವಸ್ತುವನ್ನೇ ಅಲ್ಲಿಯವರು ಅಂಗಡಿಯಲ್ಲಿ ಡಾಲರು ಕೊಟ್ಟು ಕೊಳ್ಳುತ್ತಾರೆ.