ಮೊಬೈಲಿನೊಳಗಣ ಕ್ಯಾಲೆಂಡರು

ನಮ್ಮ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಕಾಲಗಣನೆಗೆ ಎಂದೂ ಬಡತನವಿದ್ದುದಿಲ್ಲ. ಒಂದೇ ಗೋಡೆಯ ಮೇಲೆ ಇಂಗ್ಲಿಷ್ ಏಪ್ರಿಲ್, ಚಾಂದ್ರಮಾನದ ಚೈತ್ರ, ತುಳುವರ ಪಗ್ಗು, ಮಲೆಯಾಳದ ಮೇಡ ಇವೆಲ್ಲವೂ ಜಗಳವಾಡದೆ ಬಾಳಿಕೊಂಡು ಬಂದಿವೆ. ಯುಗಾದಿಯೂ ನಮ್ಮದೇ, ವಿಷುವೂ ನಮ್ಮದೇ. ಆದರೆ ಈಗ ಮಗುವನ್ನು ಶಾಲೆಗೆ ಸೇರಿಸುವುದು ಮೊದಲ್ಗೊಂಡು ರೈಲಿನ ಟಿಕೇಟಿನವರೆಗೆ ಬಹಳಷ್ಟು ಅರ್ಜಿಗಳನ್ನು ಮೊಬೈಲಿನ ಆ್ಯಪ್‌ಗಳಲ್ಲಿಯೇ ತುಂಬುತ್ತೇವೆ. ದಿನಾಂಕದ ಚೌಕವನ್ನು ಮುಟ್ಟಿದೊಡನೆ ಅಂಗೈಯಗಲದ ಕ್ಯಾಲೆಂಡರೊಂದು ತೆರೆದು ನಿಲ್ಲುತ್ತದೆ. ಅದನ್ನು ಬಳಸುವ ತಾಯ್ತಂದೆಯರೂ, ಅಂಥ ಆ್ಯಪ್‌ಗಳನ್ನು ರಚಿಸುವ ಉದ್ಯೋಗದಲ್ಲಿರುವ ನಮ್ಮ ತರುಣ ತರುಣಿಯರೂ ಅದರ ಒಳಗುಟ್ಟನ್ನು ಅರಿತಿರುವುದು ಲೇಸು.

ಅದರ ಚೌಕಟ್ಟು ಸರಳವಾದುದು. ತಿಂಗಳ ಮೊದಲನೆಯ ದಿನ ಯಾವ ವಾರ, ತಿಂಗಳಿಗೆ ಎಷ್ಟು ದಿನ, ಇವೆರಡು ತಿಳಿದರೆ ಸಾಕು. 1956ರ ನವೆಂಬರ್ 1ನ್ನೇ ತೆಗೆದುಕೊಳ್ಳೋಣ. ಕಾಸರಗೋಡು ಕೇರಳಕ್ಕೆ ಸೇರಿದ ಆ ದಿನ ಗುರುವಾರ. ವಾರವು ಭಾನುವಾರದಿಂದ ಆರಂಭವಾಗುವುದಾದರೆ ಮೊದಲ ನಾಲ್ಕು ಮನೆಗಳನ್ನು ಖಾಲಿ ಬಿಟ್ಟು ಐದನೆಯದರಲ್ಲಿ 1 ಎಂದು ಬರೆಯಬೇಕು. ಒಟ್ಟು 34 ಮನೆಗಳು, ಅಂದರೆ ಐದು ಸಾಲುಗಳು. ಫೆಬ್ರವರಿಯ ಲೆಕ್ಕದಲ್ಲಿ 1900 ಅಧಿಕವರ್ಷವಲ್ಲ, 2000 ಅಧಿಕವರ್ಷವೆಂಬ ನಿಯಮವನ್ನು ಮರೆಯದಿದ್ದರಾಯಿತು. ಏಳನೆಯ ತರಗತಿಯ ಮಕ್ಕಳೂ ಇದನ್ನು ಮಾಡಬಲ್ಲರು.

ತೊಡಕು ಇರುವುದು ಬೇರೆಡೆ. ಜಾವಾ ಭಾಷೆಯ ಹಳೆಯ ಕ್ಯಾಲೆಂಡರು ವ್ಯವಸ್ಥೆಯಲ್ಲಿಯೂ ಜಾವಾಸ್ಕ್ರಿಪ್ಟ್‌ನಲ್ಲಿಯೂ ತಿಂಗಳುಗಳ ಎಣಿಕೆ ಸೊನ್ನೆಯಿಂದ ಮೊದಲಾಗುತ್ತದೆ: ಜನವರಿ 0, ಡಿಸೆಂಬರ್ 11. ಒಂದನ್ನು ಕೂಡಿಸಲು ಮರೆತರೆ ಜೂನಿನಲ್ಲಿ ಹುಟ್ಟಿದ ಮಗು ಮೇ ತಿಂಗಳಿಗೆ ಸರಿಯುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಗಡಿಯಾರದ ಲೆಕ್ಕ. ಹುಟ್ಟಿದ ದಿನವನ್ನು 'ಆ ದಿನದ ಮಧ್ಯರಾತ್ರಿ' ಎಂಬ ಕ್ಷಣವನ್ನಾಗಿ ಸಂಗ್ರಹಿಸುವ ಆ್ಯಪ್‌ಗಳಿವೆ. ನಮ್ಮ ಮಧ್ಯರಾತ್ರಿ ವಿಶ್ವಸಮಯಕ್ಕಿಂತ ಐದೂವರೆ ಗಂಟೆ ಮುಂದು. ಆಗ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಪರಿಣಾಮವಾಗಿ ಜೂನ್ 2 ಎಂದು ತುಂಬಿದ್ದು ಜೂನ್ 1 ಎಂದು ಅಚ್ಚಾಗಿ ಬರಬಹುದು. ಜೂನ್ 1ಕ್ಕೆ ಇಂತಿಷ್ಟು ವಯಸ್ಸು ತುಂಬಿರಬೇಕೆಂಬ ನಿಯಮವಿದ್ದಲ್ಲಿ ಈ ಒಂದು ದಿನವೇ ಮಗುವಿನ ಒಂದು ವರ್ಷವನ್ನು ನಿರ್ಧರಿಸುತ್ತದೆ. ಜನ್ಮದಿನವೆಂಬುದು ದಿನವೇ ಹೊರತು ಕ್ಷಣವಲ್ಲ; ಅದನ್ನು 2019-06-02 ಎಂದು ವರ್ಷ, ತಿಂಗಳು, ದಿನಗಳ ಕ್ರಮದಲ್ಲಿ ಇದ್ದಂತೆಯೇ ಇರಿಸಿದರೆ ಈ ಅನರ್ಥವಿಲ್ಲ.

ಇನ್ನು ಕ್ರಮದ ಗೊಂದಲ. 03/07 ಎಂದರೆ ನಮಗೆ ಜುಲೈ 3; ಅಮೆರಿಕದ ಇಂಗ್ಲಿಷಿಗೆ ಹೊಂದಿಸಿದ ಮೊಬೈಲಿಗೆ ಮಾರ್ಚ್ 7. ದಿನದ ಅಂಕಿ 12ನ್ನು ಮೀರಿದರೆ ತಪ್ಪು ತಾನಾಗಿ ಬಯಲಾಗುತ್ತದೆ. ಮೀರದಿದ್ದರೆ ಯಂತ್ರವು ತುಟಿ ಬಿಚ್ಚುವುದಿಲ್ಲ. ವರ್ಷದಲ್ಲಿ ಇಂಥ 132 ದಿನಗಳಿವೆ. ಓದುಗರು ಬೇಕಾದರೆ ಎಣಿಸಿ ನೋಡಲಿ. ತಿಂಗಳನ್ನು ಹೆಸರಿನಿಂದ ತೋರಿಸುವ ಕ್ಯಾಲೆಂಡರಿನ ನಿಜವಾದ ಉಪಕಾರ ಇರುವುದು ಇಲ್ಲಿಯೇ. ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದರೆ ಅನೇಕ ಆ್ಯಪ್‌ಗಳಲ್ಲಿ ತಿಂಗಳುಗಳ ಹೆಸರು ಕನ್ನಡದಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಅಷ್ಟಾಗಿಯೂ ಜನ್ಮದಿನಕ್ಕೆ ಈ ಕ್ಯಾಲೆಂಡರು ಅನುಕೂಲವೇ ಎಂಬ ಸಂದೇಹ ನನಗಿದೆ. ಬರುವ ವಾರದ ಪ್ರಯಾಣಕ್ಕೆ ಅದು ಸೊಗಸು. ಅರುವತ್ತು ವರ್ಷದ ಅಜ್ಜಿಯೊಬ್ಬರು ತಮ್ಮ ಜನ್ಮದಿನವನ್ನು ಹುಡುಕುತ್ತ ಬಾಣದ ಗುರುತನ್ನೇ ಒತ್ತುತ್ತ ಹೋದರೆ 720 ಬಾರಿ ಒತ್ತಬೇಕಾದೀತು! ಆಂಡ್ರಾಯ್ಡ್ ಮೊಬೈಲುಗಳಲ್ಲಿ ಸಾಮಾನ್ಯವಾಗಿ ಮೇಲ್ಭಾಗದ ವರ್ಷವನ್ನು ಮುಟ್ಟಿದರೆ ವರ್ಷಗಳ ಪಟ್ಟಿ ತೆರೆಯುತ್ತದೆ. ಪೆನ್ಸಿಲಿನ ಗುರುತಿದ್ದರೆ ಅದನ್ನು ಒತ್ತಿ ಅಂಕಿಗಳನ್ನೇ ಬರೆಯಬಹುದು. ಬ್ರಿಟಿಷ್ ಸರಕಾರದ ವಿನ್ಯಾಸ ಸೂತ್ರಗಳಂತೂ ಜನ್ಮದಿನದಂಥ ಬಾಯಿಪಾಠವಾಗಿರುವ ದಿನಾಂಕಕ್ಕೆ ದಿನ, ತಿಂಗಳು, ವರ್ಷಗಳ ಮೂರು ಬರೆಯುವ ಚೌಕಗಳನ್ನೇ ಸೂಚಿಸುತ್ತವೆ. ಈ ಮಾತು ನನಗೆ ಒಪ್ಪಿಗೆಯಾಗಿದೆ.

2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ ಮುಂತಾದವುಗಳಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನದ ಆಧಾರವೆಂದು ತಿದ್ದುಪಡಿಯಾದ ಕಾಯಿದೆ ಹೇಳುತ್ತದೆ. ಆದುದರಿಂದ ಅರ್ಜಿಯನ್ನು ಕಳುಹಿಸುವ ಮುನ್ನ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿರಿ. ಕಳುಹಿಸಿದ ಮೇಲೆ ದೊರೆಯುವ ರಶೀದಿಯಲ್ಲಿ ಮತ್ತೊಮ್ಮೆ ನೋಡಿರಿ. ದಿನ ಜಾರುವುದು ಹೆಚ್ಚಾಗಿ ಈ ಎರಡರ ನಡುವೆ.

ಹಳೆಯ ತಲೆಮಾರಿನವರ ಕಷ್ಟವೇ ಬೇರೆ. 'ಮಹಾ ಮಳೆಯ ವರ್ಷದ ಆಟಿ ತಿಂಗಳು' ಎಂಬುದಷ್ಟೇ ಅವರ ಜನ್ಮದಾಖಲೆ. ಹಿಂದಿನ ಗುರುಗಳು ಅಂಥವರನ್ನೆಲ್ಲ ಜೂನ್ ಒಂದರಂದೇ ಹುಟ್ಟಿಸಿ ಕೈತೊಳೆದುಕೊಂಡರೆಂಬ ವಿನೋದವನ್ನು ನೀವೂ ಕೇಳಿರಬಹುದು. ಆ್ಯಪ್‌ನ ಕ್ಯಾಲೆಂಡರಿಗೆ ಅಷ್ಟು ದಯೆಯೂ ಇಲ್ಲ. ಒಂದು ಮನೆಯನ್ನು ಮುಟ್ಟಿದ ಹೊರತು ಮುಂದಿನ ಪುಟವನ್ನು ತೆರೆಯುವುದಿಲ್ಲ. ವರ್ಷವನ್ನು ಮಾತ್ರ ಬರೆದು ಮುಂದೆ ಸಾಗುವ ಅವಕಾಶವನ್ನೂ ನಮ್ಮ ತರುಣರು ಅದರಲ್ಲಿ ಸೇರಿಸಬೇಕು.