ಹಳೆಯ ಬೀಟಲ್ ಕಾರಿನ ಒಳಾಂಗಣ: ಬಟ್ಟೆಗಿಂತ ಮೊದಲು ನೀರಿನ ಲೆಕ್ಕ

ಸಕಲೇಶಪುರ, ಆಲೂರು ತಾಲ್ಲೂಕುಗಳ ಏರುದಾರಿಗಳಲ್ಲಿ ಹಳೆಯ ಕಾಲದ ಕಾರುಗಳಿಗೆ ರೇಡಿಯೇಟರಿನ ನೀರು ಕುದಿಯುವುದೇ ದೊಡ್ಡ ತೊಂದರೆಯಾಗಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಆ ತೊಂದರೆ ಇರಲಿಲ್ಲ. ಹಿಂಭಾಗದಲ್ಲಿರುವ ಅದರ ಎಂಜಿನ್ ಗಾಳಿಯಿಂದಲೇ ತಂಪಾಗುತ್ತದೆ. 2003ರ ಜುಲೈ 30ರಂದು ಮೆಕ್ಸಿಕೋದ ಪುಯೆಬ್ಲಾದಲ್ಲಿ ಕೊನೆಯ ಕಾರು ಹೊರಬರುವವರೆಗೆ 2.15 ಕೋಟಿಗೂ ಹೆಚ್ಚು ಬೀಟಲ್‌ಗಳು ತಯಾರಾದವು. ಭಾರತಕ್ಕೆ ಆಮದಾಗಿ ಬಂದವು ಕೆಲವೇ. ಆದ್ದರಿಂದ ಉಳಿದಿರುವ ಒಂದೊಂದಕ್ಕೂ ಬೆಲೆಯಿದೆ. ವಿಪರ್ಯಾಸವೆಂದರೆ, ನೀರು ಬೇಡದ ಈ ಕಾರನ್ನು ಮಲೆನಾಡಿನಲ್ಲಿ ಕೆಡಿಸುವುದು ನೀರೇ.

ತೇವ ಮೊದಲು, ಬಟ್ಟೆ ಆಮೇಲೆ

ಸರಿಯಾಗಿ ಒಣಗದ ಕಾಫಿಯನ್ನು ಚೀಲಕ್ಕೆ ತುಂಬಿದರೆ ಆಗುವ ಗತಿಯೇ ತೇವದ ನೆಲದ ಮೇಲೆ ಹೊಸ ಜಮಖಾನ ಹಾಸಿದ ಕಾರಿಗೂ ಆಗುತ್ತದೆ. ಕಿಟಕಿಯ ರಬ್ಬರ್ ಒಣಗಿ ಸೀಳಿದಾಗ ಮಳೆನೀರು ಒಳಗಿಳಿದು, ನೆಲದ ತಗಡಿಗೆ ಅಂಟಿಸಿದ ಡಾಂಬರಿನ ಹಾಳೆಯ ಕೆಳಗೆ ನಿಂತು ತುಕ್ಕು ಹಿಡಿಸುತ್ತದೆ. ಬಾಗಿಲಿನೊಳಗೆ ಇಳಿಯುವ ನೀರು ತಳದ ರಂಧ್ರಗಳಿಂದ ಹೊರಹೋಗಬೇಕು. ರಂಧ್ರ ಮುಚ್ಚಿದ್ದರೆ ಅಥವಾ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಬಾಗಿಲಿನ ಹಲಗೆ ಊದಿಕೊಳ್ಳುತ್ತದೆ.

ಇನ್ನೆರಡು ಅಂಶಗಳು ಪ್ರಾಣಕ್ಕೇ ಸಂಬಂಧಿಸಿದವು. ಬೀಟಲ್‌ನ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಕುಸಿದ ಸೀಟಿನ ಸ್ಪ್ರಿಂಗ್ ಅದರ ತುದಿಗಳಿಗೆ ತಗುಲಿದರೆ ನಾರಿನ ದಿಂಬಿಗೆ ಬೆಂಕಿ ಹತ್ತಬಹುದು. ಬ್ಯಾಟರಿಗೆ ಮುಚ್ಚಳ ಅತ್ಯಗತ್ಯ. ಎರಡನೆಯದಾಗಿ, ಹೊಗೆಕೊಳವೆಯ ಶಾಖದಿಂದ ಬಿಸಿಯಾದ ಗಾಳಿಯೇ ಕಾರಿನೊಳಗೆ ಬರುತ್ತದೆ. ಶಾಖಪೆಟ್ಟಿಗೆ ಒಳಗೆ ತೂತಾಗಿದ್ದರೆ ಇಂಗಾಲದ ಮೊನಾಕ್ಸೈಡ್ ಅನಿಲವೂ ಜೊತೆಗೇ ಬರುತ್ತದೆ. ಇವೆರಡನ್ನೂ ಪರೀಕ್ಷಿಸದೆ ಸೀಟಿನ ಬಣ್ಣ ಆರಿಸಲು ಹೊರಡುವುದು ವಿವೇಕವಲ್ಲ.

ಕೆಲಸದ ಕ್ರಮವೂ ಮುಖ್ಯ. ಸೋರಿಕೆ, ತುಕ್ಕು, ವೈರಿಂಗ್ ಮುಗಿದ ಮೇಲೆ ಮೊದಲು ಚಾವಣಿಯ ಬಟ್ಟೆ, ಬಳಿಕ ಪಕ್ಕದ ಹಲಗೆಗಳು, ನೆಲಹಾಸು, ಕಡೆಗೆ ಸೀಟುಗಳು. ಚಾವಣಿ ಬಟ್ಟೆ ಕಟ್ಟಲು ಮುಂದಿನ ಮತ್ತು ಹಿಂದಿನ ಗಾಜು ತೆಗೆಯಬೇಕಾದುದರಿಂದ, ಹೊಸ ರಬ್ಬರನ್ನು ಆಗಲೇ ಹಾಕಿಸಿದರೆ ಕೂಲಿ ಉಳಿಯುತ್ತದೆ. ಕಾಫಿ ಕೊಯ್ಲು ಮುಗಿದು ಮುಂಗಾರು ಹಿಡಿಯುವವರೆಗಿನ ಬಿಸಿಲಿನ ತಿಂಗಳುಗಳೇ ಇದಕ್ಕೆ ಸೂಕ್ತ ಕಾಲ.

ಸ್ಥಳೀಯ ಕಸುಬಿಗೆ ಅವಕಾಶ

ಮೂಲ ಸೀಟುಗಳ ಸ್ಪ್ರಿಂಗಿನ ಮೇಲೆ ತೆಂಗಿನ ನಾರು ಮತ್ತು ಕುದುರೆ ಕೂದಲಿನ ದಿಂಬುಗಳಿದ್ದವು. ಫೋಮ್ ತುಂಬಿದರೆ ಆಕಾರ ಬದಲಾಗುತ್ತದೆ. ಅರಸೀಕೆರೆಯಂಥ ತೆಂಗಿನ ಸೀಮೆಯಿರುವ ಹಾಸನ ಜಿಲ್ಲೆಯಲ್ಲಿ, ರಬ್ಬರ್ ಲೇಪಿತ ನಾರಿನ ದಿಂಬನ್ನು ಅಳತೆಗೆ ಕತ್ತರಿಸಿ ಕೊಡುವುದು ಕುಶನ್ ಕೆಲಸದವರಿಗೆ ಅಸಾಧ್ಯವೇನಲ್ಲ. ಹಳೆಯ ಹೊದಿಕೆಯನ್ನು ಎಸೆಯದೆ, ಹೊಲಿಗೆ ಬಿಚ್ಚಿ ಮಾದರಿಯಾಗಿ ಇಟ್ಟುಕೊಳ್ಳುವುದು ಕ್ಷೇಮ.

ಕಾನೂನು ಮತ್ತು ಲೆಕ್ಕ

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ವಾಹನಗಳು ಮತ್ತು ಕಾರುಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ಚಾಸಿ, ಕವಚ ಅಥವಾ ಎಂಜಿನ್ ಮಾರ್ಪಾಡಾಗಿರದೆ ವಾಹನ ಮೂಲ ಸ್ವರೂಪದಲ್ಲಿರಬೇಕು. ಹೊಸ ನೋಂದಣಿ ಶುಲ್ಕ 20,000 ರೂಪಾಯಿ. ಅವಧಿ 10 ವರ್ಷ. ಆದರೆ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಹಾಗೂ ದುರಸ್ತಿಯ ಕಾರಣಗಳಿಗಷ್ಟೇ ಅದು ರಸ್ತೆಗಿಳಿಯಬಹುದು. ನಿತ್ಯದ ಓಡಾಟಕ್ಕಾಗಲಿ, ವಾಣಿಜ್ಯ ಬಳಕೆಗಾಗಲಿ ಅನುಮತಿ ಇಲ್ಲ.

ಉದಾಹರಣೆಗೆ, ಸಕಲೇಶಪುರದ ಹೋಂಸ್ಟೇ ಮಾಲೀಕರೊಬ್ಬರು ಅತಿಥಿಗಳನ್ನು ಕರೆದೊಯ್ಯಲೆಂದು ತಮ್ಮ ತಂದೆಯವರ ಬೀಟಲ್‌ಗೆ ಲಕ್ಷಗಟ್ಟಲೆ ವೆಚ್ಚಮಾಡಿ, ಬಳಿಕ ವಿಂಟೇಜ್ ನೋಂದಣಿ ಮಾಡಿಸಿದರೆಂದು ಭಾವಿಸೋಣ. ಆ ಉದ್ದೇಶವೇ ಕೈತಪ್ಪುತ್ತದೆ. ಸ್ವಂತ ಬಳಕೆಯ ಕಾರಿನ ವೆಚ್ಚವನ್ನು ವ್ಯಾಪಾರದ ಖಾತೆಗೆ ಹಾಕುವಂತಿಲ್ಲ. ಇಂಥ ಕಾರುಗಳ ದುರಸ್ತಿಗೆ ತೆತ್ತ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆಯೂ ಸಾಮಾನ್ಯವಾಗಿ ದೊರೆಯದು. ಆದ್ದರಿಂದ ಕಾರು ಮನೆಯ ನೆನಪಿಗೋ, ಮಾರಾಟಕ್ಕೋ, ವ್ಯಾಪಾರಕ್ಕೋ ಎಂಬುದನ್ನು ಕೆಲಸ ಒಪ್ಪಿಸುವ ಮೊದಲೇ ನಿರ್ಧರಿಸಬೇಕು. ಪ್ರತಿ ಹಂತದ ಛಾಯಾಚಿತ್ರ ಮತ್ತು ಬಿಲ್ಲುಗಳನ್ನು ಒಂದೇ ಕಡತದಲ್ಲಿಟ್ಟರೆ, ಮುಂದೆ ಕೊಳ್ಳುವವರಿಗೆ ಕಾಣದ ಕೆಲಸಕ್ಕೂ ಅದೇ ಸಾಕ್ಷಿಯಾಗುತ್ತದೆ.