ಮೈಕಿಲ್ಲದ ಸಭೆ, ನಾಯಕರಿಲ್ಲದ ಚಳವಳಿ

ನ್ಯೂಯಾರ್ಕ್‌ನಲ್ಲಿ ಬಯಲಿನಲ್ಲಿ ಮೈಕ್ ಹಾಕಬೇಕಾದರೆ ಪೊಲೀಸರ ಪರವಾನಗಿ ಬೇಕು. 2011ರಲ್ಲಿ ಹಣಕಾಸು ಕೇಂದ್ರವಾದ ವಾಲ್ ಸ್ಟ್ರೀಟಿನ ವಿರುದ್ಧ ಚಳವಳಿ ಹೂಡಿ ಅಲ್ಲಿನ ಜುಕಾಟಿ ಪಾರ್ಕಿನಲ್ಲಿ ಬೀಡುಬಿಟ್ಟವರ ಬಳಿ ಅದಿರಲಿಲ್ಲ. ಅವರು ಗಂಟಲನ್ನೇ ಮೈಕ್ ಮಾಡಿಕೊಂಡರು.

ಮಾತಾಡಬೇಕೆಂದವರು ಎದ್ದು 'ಮೈಕ್ ಚೆಕ್' ಎಂದು ಕೂಗುವುದು; ಸುತ್ತಲಿನವರು ಅದನ್ನೇ ಒಕ್ಕೊರಲಿನಿಂದ ಕೂಗಿದರೆ ಸಭೆ ಶುರು. ಆಮೇಲೆ ನಾಲ್ಕೈದು ಪದಕ್ಕೊಮ್ಮೆ ನಿಲ್ಲಿಸಬೇಕು. ಮೇಷ್ಟ್ರ ಹಿಂದೆ ತರಗತಿಯೆಲ್ಲ ಮಗ್ಗಿ ಹೇಳಿದ ಹಾಗೆ ಎಲ್ಲರೂ ಅಷ್ಟನ್ನು ಹೇಳುತ್ತಾರೆ. ಜನ ಹೆಚ್ಚಿದ್ದರೆ ಹಿಂದಿನ ಗುಂಪು ಮತ್ತೊಮ್ಮೆ ಹೇಳುತ್ತದೆ. ತಾನೊಪ್ಪದ ಮಾತನ್ನೂ ತನ್ನ ಬಾಯಿಂದಲೇ ಆಡಬೇಕು! ಉದ್ದನೆಯ ಭಾಷಣಕ್ಕೆ ಅಲ್ಲಿ ಜಾಗವಿರಲಿಲ್ಲ. ಹೆಸರಾಂತ ಚಿಂತಕ ಸ್ಲಾವೊಯ್ ಜಿಜೆಕ್ ಬಂದಾಗ ಅವರ ಮಾತೂ ತುಂಡುತುಂಡಾಗಿಯೇ ಜನರನ್ನು ತಲುಪಿತು. ಒಪ್ಪಿಗೆಯಾದರೆ ಕೈಯೆತ್ತಿ ಬೆರಳಾಡಿಸುವುದು, ಇಲ್ಲವಾದರೆ ಬೆರಳು ಕೆಳಮುಖ ಮಾಡಿ ಆಡಿಸುವುದು. ಚಪ್ಪಾಳೆಯಿಂದ ಮಾತು ಮುಳುಗುವ ಭಯವೇ ಇಲ್ಲ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದು. 2008ರಲ್ಲಿ ಹೂಡಿಕೆ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಹಣಕಾಸು ಸಂಸ್ಥೆಗಳನ್ನು ಉಳಿಸಲು ಅಮೆರಿಕ ಸರ್ಕಾರ 70,000 ಕೋಟಿ ಡಾಲರ್‌ಗಳ ಯೋಜನೆ ತಂದಿತು. ಸಾಲ ಕಟ್ಟಲಾಗದೆ ಮನೆ ಕಳೆದುಕೊಂಡ ಲಕ್ಷಾಂತರ ಜನರ ಸಿಟ್ಟು ಒಳಗೇ ಉಳಿಯಿತು. 2011ರ ಜುಲೈನಲ್ಲಿ ಕೆನಡಾದ 'ಆಡ್‌ಬಸ್ಟರ್ಸ್' ಪತ್ರಿಕೆ, ಈಜಿಪ್ಟಿನ ತಹ್ರೀರ್ ಚೌಕದ ಚಳವಳಿಯನ್ನು ನೆನಪಿಸಿ, ವಾಲ್ ಸ್ಟ್ರೀಟಿಗೆ ಬನ್ನಿ ಎಂದು ಕರೆಕೊಟ್ಟಿತು. ಅದರ ಪೋಸ್ಟರಿನಲ್ಲಿ ವಾಲ್ ಸ್ಟ್ರೀಟ್ ಬಳಿಯ ಕಂಚಿನ ಗೂಳಿಯ ಬೆನ್ನೇರಿ ಕುಣಿಯುವ ನರ್ತಕಿ. ಆಗಸ್ಟ್ 2ರಂದು ಬೌಲಿಂಗ್ ಗ್ರೀನ್ ಪಾರ್ಕಿನಲ್ಲಿ ಎಂದಿನಂತೆ ಭಾಷಣದ ಸಭೆ ನಡೆದಾಗ, ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ ಮತ್ತು ಕೆಲವರು ಬೇರೆಯಾಗಿ ವೃತ್ತಾಕಾರದಲ್ಲಿ ಕೂತರು. ವೇದಿಕೆಯಿಲ್ಲದ ಸಭೆಯ ಬೇರು ಅಲ್ಲಿದೆ. 'ನಾವು ಶೇ 99' (ಅತಿ ಸಿರಿವಂತ ಶೇ 1ರ ಹೊರಗಿನವರೆಲ್ಲ) ಎಂಬ ಘೋಷಣೆ ಮೊಳೆತದ್ದೂ ಆ ದಿನಗಳ ಕೂಟಗಳಲ್ಲೇ.

ಸೆಪ್ಟೆಂಬರ್ 17ರಂದು ಜನ ಬಂದರು. ಜುಕಾಟಿ ಖಾಸಗಿ ಒಡೆತನದ ಪಾರ್ಕು. ಆದರೆ ನಗರದೊಂದಿಗಿನ ಒಪ್ಪಂದದಂತೆ ಹಗಲಿರುಳೂ ಸಾರ್ವಜನಿಕರಿಗೆ ತೆರೆದಿರಬೇಕು. ರಾತ್ರಿ ಗೇಟು ಹಾಕುವ ಸರ್ಕಾರಿ ಪಾರ್ಕಾಗಿದ್ದರೆ ಬಿಡಾರ ಮೊದಲ ಇರುಳೇ ಮುಗಿಯುತ್ತಿತ್ತೇನೋ. ಅಡುಗೆಮನೆ ಎದ್ದಿತು, ದಾನ ಬಂದ ಪುಸ್ತಕಗಳು 5,000 ದಾಟಿ ಗ್ರಂಥಾಲಯವಾಯಿತು. ಬೇಡಿಕೆ ಯಾವುದು ಎಂಬುದು ಮಾತ್ರ ಕೊನೆಗೂ ತೀರ್ಮಾನವಾಗಲಿಲ್ಲ. ನಾಯಕರಿಲ್ಲದ್ದರಿಂದ ಯಾರನ್ನೋ ಕೊಂಡುಕೊಂಡು ಚಳವಳಿ ಮುಗಿಸಲು ಆಗಲಿಲ್ಲ. ಕೂತು ಮಾತಾಡಿ ಏನನ್ನಾದರೂ ದಕ್ಕಿಸಿಕೊಳ್ಳುವವರೂ ಇರಲಿಲ್ಲ.

ನವೆಂಬರ್ 15ರ ನಸುಕಿಗೂ ಮುನ್ನ ಪೊಲೀಸರು ಪಾರ್ಕನ್ನು ತೆರವು ಮಾಡಿದರು. ಪುಸ್ತಕಗಳು ಕಸದ ಪಾಲಾದವು. ಅವಕ್ಕೆಂದು 2013ರಲ್ಲಿ ನಗರಾಡಳಿತ 47,000 ಡಾಲರ್ ಪರಿಹಾರ ಕೊಡಲು ಒಪ್ಪಿತು. ಶೇ 99ರ ಪಾಲು ಕೇಳಲು ಹೊರಟವರ ಪುಸ್ತಕಗಳಿಗೆ ಲೆಕ್ಕಹಾಕಿ ಸಿಕ್ಕಿದ್ದು ಅಷ್ಟು.